ಗಾಡಿಯ ಮೇಲೆ ಹೊದಿಸಿದ ಬಟ್ಟೆ

ಜುಲೈ 8

ಮಗಳು ವಿಗ್ಗಾಗೆ ಹಾಲು ಕುಡಿಸಿಯಾಯ್ತು. ಕೈಕಾಲಿಗೆ ಸನ್‌ಸ್ಕ್ರೀನ್ ಹಚ್ಚಿಯಾಯ್ತು. ಟೋಪಿ ಮಾತ್ರ ಕಿತ್ತು ಕಿತ್ತು ಎಸೆಯುತ್ತಾಳೆ. ಎಂಥ ಸೆಕೆ! ಸ್ವೆನ್‌ಬೋರ್ ಊರಿನ ಯಾವ ಅಂಗಡಿಯಲ್ಲೂ ಫ್ಯಾನ್ ಸಿಗುತ್ತಿಲ್ಲ.

ನಾಳೆಯಿಂದ ಫೆರಿ ಟಿಕೆಟ್ ಕೌಂಟರಿನ ಕೆಲಸಕ್ಕೆ ವಾಪಸ್. ಶಿಶುವಿಹಾರದಲ್ಲಿ ಜಾಗ ಸಿಗುವುದು ಆಗಸ್ಟ್ ಕೊನೆಗೆ. ಅಲ್ಲಿಯವರೆಗೆ ಅತ್ತೆ ಬಿರ್ತೆ ನೋಡಿಕೊಳ್ಳುತ್ತಾರೆ.

ಮಧ್ಯಾಹ್ನ ಬಂದಿದ್ದರು. ಹಿತ್ತಲ ಸೇಬಿನ ಮರದಡಿ ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿ ನಾನು ಈ ಕಡೆ ತಿರುಗುವಷ್ಟರಲ್ಲಿ ಗಾಡಿಯ ಬಾಯಿಗೆ ತೆಳು ಬಟ್ಟೆ ಹೊದಿಸಿಬಿಟ್ಟರು. ತೆಗೆದೆ. ಒಳಗೆ ಗಾಳಿಯಾಡುವುದಿಲ್ಲ, ಕಾವು ಏರುತ್ತದೆ, ನರ್ಸ್ ಹೇಳಿದ್ದಾರೆ ಎಂದೆ.

"ಬಿಸಿಲು ಏನ್ ಮಾಡತ್ತೆ ಅಂತ ನಿನಗೆ ಗೊತ್ತಿಲ್ಲ, ದಿತ್ತೆ."

ಮಾವ ಏಗೋನ್ ಮೀನುದೋಣಿಯ ಮೇಲೇ ಬದುಕಿದವರು. ಕತ್ತಿನ ಹಿಂದೆ ಒಂದು ಮಚ್ಚೆ. ಚರ್ಮದ ಕ್ಯಾನ್ಸರ್. ನಾನು ಈ ಮನೆಗೆ ಬರುವ ಮೊದಲೇ ಹೋದರು. ಆದರೂ ಬಟ್ಟೆ ಬೇಡ ಎಂದೆ. ಆಯ್ತು ಎಂದರು.

ಜುಲೈ 9

ಕೌಂಟರಿನಲ್ಲಿ ಪ್ರವಾಸಿಗಳ ಸಾಲು ಮುಗಿಯಲೇ ಇಲ್ಲ. ಅತ್ತೆ ಫೋಟೋ ಕಳಿಸಿದರು. ವಿಗ್ಗಾ ನೆರಳಲ್ಲಿ ನಿದ್ದೆ. ಗಾಡಿಯ ಮೇಲೆ ಬಟ್ಟೆ ಇಲ್ಲ. ಸಮಾಧಾನ.

ಜುಲೈ 11, ಸಂಜೆ, ಮಕ್ಕಳ ವಾರ್ಡ್

ಕೆಲಸದಿಂದ ಇವತ್ತು ಬೇಗ ಬಿಟ್ಟರು. ಸೀದಾ ಮನೆಯ ಹಿತ್ತಲಿಗೆ ಹೋದೆ. ಮರದ ನೆರಳು ಬೇಲಿಯ ಕಡೆ ಸರಿದಿತ್ತು. ಗಾಡಿ ಬಿಸಿಲಲ್ಲಿ. ಮೇಲೆ ಬಟ್ಟೆ, ಸುತ್ತಲೂ ಕ್ಲಿಪ್ಪು. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ಗಾಡಿಯ ಮೇಲೆ ಕಣ್ಣಿಟ್ಟುಕೊಂಡೇ.

ಬಟ್ಟೆ ಎತ್ತಿದೆ. ಬಿಸಿ ಮುಖಕ್ಕೆ ಹೊಡೆಯಿತು. ಮಗುವಿನ ಮುಖ ಕೆಂಪು, ತುಟಿ ಒಣಗಿದೆ. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಅಳಲೂ ಇಲ್ಲ. ನೆರಳಿಗೆ ಎತ್ತಿಕೊಂಡು ಓಡಿದೆ. ಅಂಗಿ ಬಿಚ್ಚಿ ನೀರಲ್ಲಿ ಮೈ ಒರೆಸುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ನಿದ್ದೆ ಮಾಡ್ತಿದಾಳೆ ಅಂದ್ಕೊಂಡೆ..."

ಅವರನ್ನು ಆಂಬುಲೆನ್ಸ್ ಹತ್ತಲು ಬಿಡಲಿಲ್ಲ.

ಈಗ ಡ್ರಿಪ್ ಹಾಕಿದ್ದಾರೆ. ಮೈ ಬಿಸಿ ಇಳಿಯುತ್ತಿದೆ. ಇನ್ನು ಸ್ವಲ್ಪ ತಡವಾಗಿದ್ದರೆ... ಡಾಕ್ಟರ್ ಮಾತು ಮುಗಿಸಲಿಲ್ಲ.

ಜುಲೈ 13

ಮನೆಗೆ ಬಂದೆವು. ವಿಗ್ಗಾ ನಕ್ಕಳು. ಅದನ್ನು ನೋಡಿ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ತನ್ನ ಅಮ್ಮ ಬಂದು ಮಗುವನ್ನು ನೋಡಿ ಹೋಗಲಿ ಎನ್ನುತ್ತಾನೆ ನನ್ನ ಗಂಡ ಟ್ರೋಲ್ಸ್.

"ಅಮ್ಮ ಬೇಕಂತ ಮಾಡಿದ್ದಲ್ಲ."

"ಬೇಡ ಅಂದಿದ್ದೆ. ಆಯ್ತು ಅಂದಿದ್ರು."

ಟ್ರೋಲ್ಸ್ ಎದ್ದು ಹೋಗಿ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

ಜುಲೈ 29

ಬರೆಯಲು ಮನಸ್ಸೇ ಬರಲಿಲ್ಲ. ಕೆಲಸಕ್ಕೆ ಮತ್ತೆ ರಜೆ ಹಾಕಿದ್ದೇನೆ. ವಿಗ್ಗಾ ಮಲಗಿದರೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಬಿಸಿ ಇದೆಯಾ ಅಂತ ಬೆರಳಿಟ್ಟು ಕತ್ತು ಮುಟ್ಟಿ ನೋಡುತ್ತೇನೆ. ಮತ್ತೆ ಮತ್ತೆ. ಎದ್ದುಬಿಡುತ್ತಾಳೆ ಪಾಪ.

ಅತ್ತೆ ಬಂದಿಲ್ಲ, ಫೋನಿಲ್ಲ. ಟ್ರೋಲ್ಸ್ ಹೋಗಿ ಬಂದ. ಪರದೆ ಎಳೆದುಕೊಂಡು ಕೂತಿದ್ದಾರಂತೆ. ಕ್ಷಮಿಸು ಅಂತಲೂ ಹೇಳಿ ಕಳಿಸಿಲ್ಲ. ಕೇಳಿದ್ದು ಒಂದೇ... ಮಗು ಸರಿಯಾಗಿ ನೀರು ಕುಡೀತಾಳಾ ಅಂತ.

ಕೋಪ ಹೋಗಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಆಗಸ್ಟ್ 3

ಮೋಡ. ವಿಗ್ಗಾಳನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದೆ. ಟ್ರೋಲ್ಸ್‌ಗೆ ಹೇಳಲಿಲ್ಲ.

ಬಾಗಿಲು ತೆಗೆದರು. ಸೊರಗಿದ್ದಾರೆ. ವಿಗ್ಗಾ ಅವರ ಕಡೆ ವಾಲಿದಳು. ಅತ್ತೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ನನ್ನ ಕೈಗೆ ಕೊಡ್ಬೇಡ, ದಿತ್ತೆ."

ಸುಳ್ಳು ಹೇಳಲು ಆಗಲಿಲ್ಲ. "ನಿಮ್ಮೊಬ್ಬರ ಹತ್ರ ಬಿಟ್ಟು ಹೋಗಕ್ಕೆ ನನ್ನಿಂದ ಆಗಲ್ಲ. ಇನ್ಯಾವತ್ತಾದ್ರೂ ಆಗತ್ತೋ ಇಲ್ವೋ, ಗೊತ್ತಿಲ್ಲ. ನಾನು ಇಲ್ಲೇ ಕೂತಿರ್ತೀನಿ. ತಗೊಳ್ಳಿ."

ಅತ್ತೆ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ವಿಗ್ಗಾ ಅವರ ಕನ್ನಡಕಕ್ಕೆ ಕೈ ಹಾಕಿದಳು. ಅವರು ಬಿಡಿಸಿಕೊಳ್ಳಲಿಲ್ಲ, ಅಳುತ್ತಿದ್ದರು.

ಮಗುವನ್ನು ಕೊಟ್ಟಾಗಿತ್ತು. ಆದರೂ ನನ್ನ ಎರಡು ಕೈಯೂ ಅವಳ ಕೆಳಗೇ ಚಾಚಿಕೊಂಡಿದ್ದವು. ಅತ್ತೆ ನೋಡಿದರು. ಹಿಂದಕ್ಕೆ ತೆಗೆದುಕೊಳ್ಳೋಣ ಅಂದುಕೊಂಡೆ, ಆದರೆ ಮಗುವನ್ನು ವಾಪಸ್ ಎತ್ತಿಕೊಳ್ಳುವವರೆಗೂ ಕೈ ಹಾಗೇ ಇದ್ದವು.