ಜೀಪಿನ ಕಾರ್ಬುರೇಟರ್

ಗೋಕಾಕ, ೨೭ ನವೆಂಬರ್ ೧೯೫೬, ಮಂಗಳವಾರ

ಹೆರಿಗೆ ಆಸ್ಪತ್ರೆಯ ಆರು ಸಿಲಿಂಡರಿನ ಹಳೆಯ ವ್ಯಾನು ನಿಂತು ನಾಲ್ಕು ದಿನವಾಯಿತು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಹಾಳಾಗಿದೆ; ಹೊಸದು ಮುಂಬಯಿಯಿಂದ ಬರಲು ಮೂರು ವಾರ ಬೇಕು. ಮೇಸ್ತ್ರಿ ಶೆಟ್ಟೆಪ್ಪನ ಹತ್ತಿರ ಜೀಪಿನದೊಂದಿದೆ, ನಾಲ್ಕು ಸಿಲಿಂಡರಿಗೆ ಸಾಲುವಷ್ಟು ಚಿಕ್ಕದು.

"ಹಚ್ಚಿದ್ರ ಗಾಡಿ ಓಡತೈತ್ರಿ ಡಾಕ್ಟರ ಬಾಯಾರ. ಏರಿನ್ಯಾಗ ಮಾತ್ರ ಮುದುಕಿ ಆಗತೈತಿ. ಇಂಗ್ಲಿಷ್ ಪುಸ್ತಕ ಓದಾವ್ರು ನೀವು, ನೀವ ಹೇಳ್ರಿ."

ವ್ಯಾನಿನ ಪುಸ್ತಕವನ್ನು ಎರಡು ಸಲ ಓದಿದೆ. ಅದರಲ್ಲಿ ಕುಲಗೋಡದ ಸುಂದ್ರವ್ವ ಇಲ್ಲ. ಅವಳ ಹೊಟ್ಟೆಯಲ್ಲಿ ಅವಳಿ, ಒಂದು ಅಡ್ಡ ಮಲಗಿದೆ. ಈಗಲೇ ಕರೆತರೋಣವೆಂದು ಇವತ್ತು ಬಸ್ಸಿನಲ್ಲಿ ಹೋದರೆ ಅವಳ ಅತ್ತೆ ಹನಮವ್ವ ಬಾಗಿಲಲ್ಲೇ ಕೂತಳು.

"ಅಮಾಸಿ ಮುಗಿಯೂತನಕ ಬಸರೀನ್ನ ಹೊಸ್ತಲಾ ದಾಟಸೂದಿಲ್ರಿ. ಬ್ಯಾನಿ ಬಂದ್ರ ನಿಮ್ಮ ಮೋಟಾರ ಐತೆಲ್ಲ!"

ಮೋಟಾರು ಕೆಟ್ಟಿದೆಯೆಂದು ನಾನು ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಯ ಆಸೆಯನ್ನೇ ಬಿಡುತ್ತಾರೆಂದು ಹೆದರಿದೆ. ಅದು ಬರೀ ಹೆದರಿಕೆಯೋ, ಅಹಂಕಾರವೋ?

ಸಂಜೆ ಶೆಟ್ಟೆಪ್ಪನಿಗೆ ಜೀಪಿನದನ್ನೇ ಹಾಕೆಂದೆ. "ಖರೇನ ಹಚ್ಚಲೇನ್ರಿ?" ಅಂದ. ನನ್ನ 'ಹೂಂ' ಎಷ್ಟು ಗಟ್ಟಿಯಾಗಿತ್ತೆಂದರೆ ಅವನು ಮತ್ತೆ ಕೇಳಲೇ ಇಲ್ಲ. ಕೇಳಬೇಕಿತ್ತು.

ಅಮಾವಾಸ್ಯೆಗೆ ಇನ್ನೂ ಐದು ದಿನ. ಕುಲಗೋಡದಿಂದ ಬರುವಾಗ ಎರಡು ಏರು. ಬೆಳಿಗ್ಗೆ ಹೋಗಿ ಹನಮವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹಠ ಮಾಡುವುದಾದರೂ ತಿಳಿದು ಮಾಡಲಿ. ಮೊದಲ ಮಾತು ಏನೆಂದು ಶುರು ಮಾಡಲಿ? 'ನಿಮ್ಮ ಸೊಸೆಯನ್ನು ನಂಬಿ ಕಳಿಸುವ ಮೋಟಾರು ಏರಿನಲ್ಲಿ ನಿಲ್ಲಬಹುದು' ಎಂದೇ?