ಇಸ್ತ್ರಿ ಮೇಜಿನ ತೇವ

ಮನೆಯಿಂದ,
ಮೇ ಹನ್ನೊಂದು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಮೂವತ್ತೆಂಟು ವರ್ಷ ಹೀಗೇ ಕರೆದವನಿಗೆ ಕಾಗದದ ಮೇಲೆ ನಿನ್ನ ಹೆಸರು ಬರೆಯಲು ನಾಚಿಕೆ, ನಗಬೇಡ. ಹೇಗಿದ್ದೀ? ಕೆಮ್ಮು ಇಳಿಯಿತೇ? ಉಸಿರಿನ ಪಂಪನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತೀ ತಾನೇ? ಉರುಳಿ ಮಂಚದ ಕೆಳಗೆ ಹೋದರೆ ಆ ಹೊತ್ತಿನಲ್ಲಿ ಯಾರು ಹುಡುಕುತ್ತಾರೆ, ಒಂದು ದಾರ ಕಟ್ಟಿ ಮಂಚದ ಕಾಲಿಗೆ ಬಿಗಿದುಕೋ. ನಿನ್ನ ಅಕ್ಕನಿಗೆ ನಮಸ್ಕಾರ ಹೇಳು. ಅವರು ನೆಲ ಒರೆಸಿದ ಕೂಡಲೇ ನೀನು ಓಡಾಡಬೇಡ, ಜಾರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಮಾತು ತಪ್ಪಿಹೋಗುತ್ತದೆ. ಕಾಗದವಾದರೆ ನೀನು ಸುಮ್ಮನೆ ಕೇಳಲೇಬೇಕು.

ವಿಷಯ ಆ ಹವಾ ನೋಡುವ ಮಿಷನ್ನಿನದು. ಸೆಕೆಯ ಹೊತ್ತಿನಲ್ಲಿ ಗಾಳಿಯ ತೇವ ಅರವತ್ತು ದಾಟಿದರೆ ನಿನ್ನ ಎದೆಗೆ ಆಗುವುದಿಲ್ಲ, ಇಳಿದ ಮೇಲೆ ಕರೆಸಿಕೊಳ್ಳಿ ಎಂದು ಡಾಕ್ಟರು ಹೇಳಿದರಲ್ಲ, ಅಂದಿನಿಂದ ನಾನು ದಿನಾ ಬೆಳಿಗ್ಗೆ ಹತ್ತಕ್ಕೆ ಅಂಕಿ ನೋಡಿ ಬರೆದಿಟ್ಟಿದ್ದೇನೆ. ಮಗಳು ಆರ್ದ್ರತೆ ಅನ್ನುತ್ತಾಳೆ. ಐದನೇ ಕ್ಲಾಸಿಗೇ ಸ್ಲೇಟು ಇಟ್ಟವನಿಗೆ ಆ ಒತ್ತಕ್ಷರ ಸರಿಬರುವುದಿಲ್ಲ, ತೇವ ಅಂತಲೇ ಬರೆಯುತ್ತೇನೆ. ಎಂಬತ್ತು, ಎಪ್ಪತ್ತೊಂಬತ್ತು, ಎಂಬತ್ತೆರಡು. ನಲವತ್ತು ದಿನ ಇಳಿಯಲೇ ಇಲ್ಲ. ಪ್ರತಿ ಸಲ ನಾನು ಈಗಲೇ ಬರಬೇಡ ಎಂದಾಗಲೂ ನೀನು ಸರಿ ಅಂದೆ. ಏಪ್ರಿಲ್ ಕೊನೆಯ ಭಾನುವಾರ ಮಾತ್ರ, "ನಾನಿಲ್ದೆ ಆರಾಮಾಗಿದೀರ ಅನ್ಸುತ್ತೆ, ಹೇಳಿಬಿಡಿ" ಅಂದೆಯಲ್ಲ, ಅದನ್ನೇ ಯೋಚಿಸುತ್ತ ಅವತ್ತು ಒಂದು ಬಿಳಿ ಕೋಟಿನ ತೋಳು ಸುಟ್ಟೆ.

ಆ ಕೋಟು ಲ್ಯಾಬಿನವರದು. ಕಾಲೇಜಿನ ಲ್ಯಾಬಿನಲ್ಲಿದ್ದು ನಿವೃತ್ತರಾಗಿದ್ದಾರಲ್ಲ, ಒಂದೇ ಷರ್ಟಿಗೆ ಎರಡು ಸಲ ಇಸ್ತ್ರಿ ಕೇಳುವವರು. ಬೈಯುತ್ತಾರೆಂದು ಕಾಯುತ್ತ ನಿಂತಿದ್ದೆ. ಅವರು ಸುಟ್ಟ ತೋಳನ್ನು ಬಿಟ್ಟು ಗೋಡೆಯನ್ನೇ ನೋಡಿದರು. ಮಿಷನ್ನಿನ ಬಿಳಿ ಡಬ್ಬಿ ಇರುವುದು ಎಲ್ಲಿ, ಹೇಳು? ಹೊರಗಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರು ಎಂಬ ಭಯಕ್ಕೆ ನನ್ನ ಇಸ್ತ್ರಿ ಮೇಜಿನ ಮೇಲುಗಡೆ, ಕಣ್ಣೆದುರಿಗೇ ಮೊಳೆ ಹೊಡೆದಿದ್ದೆನಲ್ಲ. ಬೆಳಿಗ್ಗೆ ಹತ್ತು ಎಂದರೆ ನನಗೆ ಉಸಿರಾಡಲೂ ಪುರಸೊತ್ತಿಲ್ಲದ ಹೊತ್ತು. ನೀರು ಚಿಮುಕಿಸುತ್ತೇನೆ, ಇಸ್ತ್ರಿ ಪೆಟ್ಟಿಗೆ ಎಳೆಯುತ್ತೇನೆ, ಆವಿ ನೇರ ಅದರ ಮೂಗಿಗೆ. "ಏನ್ ಯಜಮಾನ್ರೇ, ಇಷ್ಟು ದಿನ ನಿಮ್ಮ ಬಟ್ಟೆ ಹಬೇನ ಅಳ್ದು ಹೆಂಡ್ತೀನ ದೂರ ಇಟ್ಟಿದೀರಾ?" ಅಂದರು. ನಾನು ಅಂಕಿಯ ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ.

ಮಿಷನ್ನೇ ಕೆಟ್ಟಿದೆಯೋ ಏನೋ ಎಂದೂ ಹೆದರಿದೆ. ಅದಕ್ಕೂ ಅವರೇ ದಾರಿ ತೋರಿಸಿದರು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ತೊಟ್ಟಿಕ್ಕಿಸಿ, ಅದನ್ನೂ ಬಿಳಿ ಡಬ್ಬಿಯನ್ನೂ ನಿನ್ನ ಬಿಗಿ ಮುಚ್ಚಳದ ದೊಡ್ಡ ಡಬ್ಬದಲ್ಲಿ ಒಂದು ದಿನ ಮುಚ್ಚಿಡಬೇಕು. ಸರಿಯಿದ್ದರೆ ಎಪ್ಪತ್ತೈದರ ಹತ್ತಿರ ತೋರಿಸುತ್ತದೆ. ಡಬ್ಬದಲ್ಲಿದ್ದ ಬೇಳೆ ಪಾತ್ರೆಯಲ್ಲಿದೆ, ಗಾಬರಿಯಾಗಬೇಡ. ತೆರೆದು ನೋಡಬಾರದು ಅಂದಿದ್ದರಿಂದ ಹೊರಗಿನಿಂದಲೇ ನಾಲ್ಕು ಸಲ ಮುಟ್ಟಿ ನೋಡಿ ಬಂದೆ. ಮಾರನೇ ದಿನ ಒಳಗಿನ ಪರದೆಯಲ್ಲಿ ಎಪ್ಪತ್ತಾರು. ಪಾಪ, ಅದು ಸತ್ಯವನ್ನೇ ಹೇಳುತ್ತಿತ್ತು. ಕೂರಿಸಿದ ಜಾಗ ತಪ್ಪು.

ಆಮೇಲೆ ಅದನ್ನು ಹಿತ್ತಲ ಕಡೆ, ಬಿಸಿಲು ಬೀಳದ ಗೋಡೆಯಿಂದ ಒಂದು ಗೇಣು ಈಚೆಗೆ, ಗಾಳಿಯಾಡುವಲ್ಲಿ, ನನ್ನ ತಲೆಯೆತ್ತರಕ್ಕೆ ಕಟ್ಟಿದೆ. ಬಟ್ಟೆ ಒಣಹಾಕುವ ಹಗ್ಗ ಅದರಿಂದ ದೂರ, ಇನ್ನೊಂದು ಕಡೆಗೆ ಹೋಯಿತು. ಅಲ್ಲಿ ಎಂಟು ದಿನವೂ ಹತ್ತು ಗಂಟೆಗೆ ಐವತ್ತೈದರ ಒಳಗೇ, ಮಧ್ಯಾಹ್ನ ಸುಡುವ ಹೊತ್ತಿಗೆ ಇನ್ನೂ ಕಡಿಮೆ. ಒಂದು ದಿನ ನಸುಕಿನಲ್ಲಿ ಎಪ್ಪತ್ತು ಕಂಡು ನನ್ನ ಜೀವ ಬಾಯಿಗೆ ಬಂತು. ತಂಪು ಹೊತ್ತಿನಲ್ಲಿ ಅಂಕಿ ಏರುತ್ತದೆ, ಅದು ಸಹಜ ಎಂದು ಲ್ಯಾಬಿನವರು ಸಮಾಧಾನ ಹೇಳಿದರು. ಆದರೂ ಹೊರಗಿನ ಗಾಳಿ ಒಣಗಿದ್ದರೇನು, ನಿನ್ನ ಮಂಚದಿಂದ ಆರು ಹೆಜ್ಜೆಗೆ ನನ್ನ ಮೇಜು. ಮೂವತ್ತೆಂಟು ವರ್ಷ ಆ ಹಬೆಯನ್ನು ನೀನು ಕುಡಿದಿದ್ದೀ. ಅದನ್ನು ಯಾರೂ ನನಗೆ ಹೇಳಲಿಲ್ಲ, ನೀನೂ ಹೇಳಲಿಲ್ಲ.

ಇನ್ನೇನು ಬರೆಯಲಿ. ಹೊತ್ತು ಹೊತ್ತಿಗೆ ಊಟ ಮಾಡು, ಮದ್ದು ಮರೆಯಬೇಡ. ನೀನು ನೂರು ವರ್ಷ ನನ್ನನ್ನು ಬೈಯುತ್ತಿರಬೇಕು.

ಎಂದೆಂದೂ ನಿನ್ನವನೇ ಆದ,
ರೀ

ಮರೆತಿದ್ದೆ: ಮೇಜನ್ನು ಮೆಟ್ಟಿಲ ಕೆಳಗಿನ ಜಾಗಕ್ಕೆ ಸಾಗಿಸಿದ್ದೇನೆ, ಮನೆ ಒಡತಿ ಒಪ್ಪಿದರು. ನಿನ್ನ ಕೋಣೆಯಲ್ಲಿ ಎರಡು ದಿನ ಡಬ್ಬಿ ಇಟ್ಟು ನೋಡಿ, ಅಂಕಿಯ ಪುಸ್ತಕವನ್ನು ಡಾಕ್ಟರಿಗೆ ತೋರಿಸಿದೆ. ಕರೆಸಿಕೊಳ್ಳಿ ಎಂದರು. ಇನ್ನೊಂದು, ಇದಕ್ಕೆ ಎದುರಿಗೆ ಬೈ, ಫೋನಿನಲ್ಲಿ ಬೇಡ. ಇಷ್ಟು ದಿನ ಮಿಷನ್ ತೋರಿಸಿದ್ದಕ್ಕೆ ಭಯದಿಂದ ಮೂರು ಸೇರಿಸಿ ನಿನಗೆ ಹೇಳುತ್ತಿದ್ದೆ. ಇವತ್ತು ನಿನ್ನ ಮಂಚದ ಪಕ್ಕ ಐವತ್ತೆರಡು. ಏನೂ ಸೇರಿಸಿಲ್ಲ. ಗುರುವಾರದ ಬಸ್ಸಿಗೆ ಬಂದುಬಿಡು.