ಅಭ್ಯಾಸಕ್ಕೆ ಬರೆದ ಅರ್ಜಿ

ರೋಜಾ ಬಡಾವಣೆ, ಕಲಬುರಗಿ

ಪ್ರೀತಿಯ ಜೀನತ್ ಆಪಾ,

ನಿನ್ನ ಫೋನು ದುಲ್ಹಾಭಾಯಿಯ ಜೇಬಿನಲ್ಲೇ ಇರುತ್ತದೆ. ಅವರಿಗೆ ಕನ್ನಡ ಓದಲು ಬಾರದೆಂದು ಈ ಚೀಟಿ.

ನನ್ನ ಪ್ಯಾರಾಲೀಗಲ್ ಆನ್‌ಲೈನ್ ಕ್ಲಾಸಿನಲ್ಲಿ, ಗಂಡನಿಂದ ಹೊಡೆತ ತಿನ್ನುವ ಹೆಂಗಸಿನ ಪರವಾಗಿ ಅಭ್ಯಾಸಕ್ಕೊಂದು ಅರ್ಜಿ ಬರೆಯಲು ಹೇಳಿದರು. ಹೆಸರು ಕಲ್ಪಿಸಿಕೊಳ್ಳಬೇಕಿತ್ತು. ನಾನು ನಿನ್ನದನ್ನೇ ಬರೆದೆ, ಗಂಡನ ಹೆಸರಿಗೆ ದುಲ್ಹಾಭಾಯಿಯದನ್ನು, ಕಮಲಾಪುರದ ನಿಮ್ಮ ಮನೆಯ ವಿಳಾಸ ಸಮೇತ. ಮೇಡಂ ಅದನ್ನು ಮಾದರಿಯೆಂದು ಇಂದು ಎಲ್ಲರಿಗೂ ತೋರಿಸಿಬಿಟ್ಟರು. ದುಲ್ಹಾಭಾಯಿಯ ಕಾಕಾನ ಮಗ ತನ್ವೀರ್ ಕೂಡ ನಮ್ಮ ಕ್ಲಾಸಿನವನು. “ಮೇಡಂ, ಇದು ನಮ್ಮ ಅಣ್ಣನ ಮನಿ ಅದಲ್ರೀ?” ಎಂದ. ಅವನು ದುಲ್ಹಾಭಾಯಿಗೆ ಹೇಳದೆ ಇರುವವನಲ್ಲ.

ಚೀಟಿ ತಂದ ಚಂದಮ್ಮನ ಜೊತೆ ಈಗಲೇ ಬಸ್ಸು ಹತ್ತು. ಮುನ್ನಿಯನ್ನು ಎತ್ತಿಕೋ. ನಿಕಾಹ್‌ನಾಮಾ ತಾ, ಬಟ್ಟೆ ಬೇಡ.

ಅರ್ಜಿ ನನ್ನ ಬಳಿ ಇದೆ. ಅದರಲ್ಲಿ ಖಾಲಿ ಇರುವುದು ನಿನ್ನ ಸಹಿಯ ಜಾಗವೊಂದೇ.

ಬಾಗಿಲಲ್ಲೇ ನಿಂತಿರುವ ನಿನ್ನ ತಂಗಿ,
ತಬಸ್ಸುಮ್